ಎಂಟು ಚಿಪ್ಪು, ಒಂದು ಮಾತು

ಮಾರ್ಚ್ 3, ಸೋಮವಾರ

ಇದು ಕೆಲಸದ ಜಾಗದ ಹಳೆಯ ರಿಜಿಸ್ಟರು. ಕಂಪ್ಯೂಟರ್ ಬಂದ ಮೇಲೆ ಅರ್ಧ ಖಾಲಿ ಉಳಿದಿತ್ತು. ರದ್ದಿಗೆ ಹೋಗುವುದನ್ನು ತಪ್ಪಿಸಿ ಮನೆಗೆ ತಂದೆ. ಪ್ರತಿ ಪುಟದಲ್ಲೂ ನಾಲ್ಕು ಕಾಲಮ್ಮು: ಹೊತ್ತು, ನೀರು, ಬಾಯಿ, ಷರಾ. ಹತ್ತೊಂಬತ್ತು ವರ್ಷ ಇದರಲ್ಲೇ ಬರೆದವಳು ನಾನು. ಬರೀ ಬಿಳಿ ಹಾಳೆ ಕೊಟ್ಟರೆ ಕೈ ಓಡುವುದಿಲ್ಲ. ಗೆರೆಗಳನ್ನು ದಾಟಿ ಅಡ್ಡಲಾಗಿ ಬರೆಯುತ್ತೇನೆ, ಕೇಳುವವರು ಯಾರಿದ್ದಾರೆ?

ದೊಡ್ಡಮ್ಮನನ್ನು ಶನಿವಾರ ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಲಕ್ವ ಹೊಡೆದು ಇಪ್ಪತ್ತೆರಡು ದಿನವಾಯಿತು. ಬಲಗೈ, ಬಲಗಾಲು ಅಲ್ಲಾಡುವುದಿಲ್ಲ. ಮಾತು ಹೋಗಿದೆ. ಅರ್ಧ ಊರಿಗೆ ಬಟ್ಟೆ ಹೊಲಿದು, ಉಳಿದರ್ಧಕ್ಕೆ ಬುದ್ಧಿ ಹೇಳಿದ ಹೆಂಗಸು ಅವರು. ಈಗ ಅವರ ಬಾಯಲ್ಲಿ ಉಳಿದಿರುವುದು ಒಂದೇ ಪದ: ಸಾಕು.

"ಕೆಲವರಿಗೆ ಹೀಗೆ ಒಂದು ಪದ ಉಳ್ಕೊಳ್ಳುತ್ತೆ," ಅಂದರು ಡಾಕ್ಟರು. ಮಾತಿನ ತರಬೇತಿ ಕೊಡುವವರ ಹತ್ತಿರ ನಮ್ಮ ಸರದಿ ಇರುವುದು ಮುಂದಿನ ತಿಂಗಳು ಎಂಟಕ್ಕೆ. ಹೊರಡುವಾಗ ಅದೇ ಡಾಕ್ಟರು ನನ್ನ ಕೆಲಸ ಏನು ಅಂತ ಕೇಳಿದರು.

"ಕಪ್ಪೆಚಿಪ್ಪುಗಳ ಬಾಯಿ ನೋಡ್ಕೊಂಡಿರ್ತೀನಿ," ಅಂದೆ. ತಮಾಷೆ ಅಂದುಕೊಂಡರು. ಇರುವುದು ಅಷ್ಟೇ. ಸಮುದ್ರದ ನೀರು ಪೈಪಿನಲ್ಲಿ ಬಂದು, ನಮ್ಮ ತೊಟ್ಟಿಯಲ್ಲಿ ಹರಿದು, ಮತ್ತೆ ಸಮುದ್ರಕ್ಕೆ ಹೋಗುತ್ತದೆ. ತೊಟ್ಟಿಯಲ್ಲಿ ಎಂಟು ಜೀವಂತ ಕಪ್ಪೆಚಿಪ್ಪು. ಒಂದೊಂದರ ಬೆನ್ನಿಗೂ ಅಕ್ಕಿಕಾಳಿನಷ್ಟು ಅಯಸ್ಕಾಂತ ಅಂಟಿಸಿ ತಂತಿ ಕೊಟ್ಟಿದ್ದೇವೆ. ನೀರು ಚೆನ್ನಾಗಿದ್ದರೆ ಅವು ಬಾಯಿ ತೆರೆದು ನೀರು ಸೋಸಿ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ನೀರಿಗೆ ಆಗದ್ದು ಏನಾದರೂ ಬೆರೆತರೆ ಬಾಯಿ ಮುಚ್ಚಿಕೊಳ್ಳುತ್ತವೆ. ಪರದೆಯ ಮೇಲೆ ಎಂಟು ಗೆರೆ. ಮೇಲಿದ್ದರೆ ತೆರೆದಿದೆ, ಇಳಿದರೆ ಮುಚ್ಚಿದೆ. 'ಬಾಯಿ ಬಿಟ್ಟರೆ ಬಣ್ಣಗೇಡು' ಅನ್ನುವ ಗಾದೆ ನಮ್ಮ ತೊಟ್ಟಿಯಲ್ಲಿ ಮಾತ್ರ ಉಲ್ಟಾ.

ಷರಾ: ದೊಡ್ಡಮ್ಮ ಬೆಳಿಗ್ಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ನಾಲ್ಕು ಚಮಚ, ಸಂಜೆ ಐದು. ಸಾಕು ಅಂದರು. ನಿಲ್ಲಿಸಿದೆ.

ಮಾರ್ಚ್ 5, ಬುಧವಾರ

ಹಗಲು ನೋಡಿಕೊಳ್ಳಲು ಆಯಾ ಸಿಕ್ಕಿದ್ದಾಳೆ. ಒಳ್ಳೆಯವಳು, ಗಂಟಲು ಮಾತ್ರ ದೊಡ್ಡದು. ಮಾತು ಹೋದವರಿಗೆ ಕಿವಿಯೂ ಹೋಗಿದೆ ಅಂತ ಅವಳ ನಂಬಿಕೆ. "ಅಜ್ಜೀ! ತಲೆ ಬಾಚ್ಲಾ?" ಅಂತ ಅವಳು ಕೂಗಿದರೆ ಮೂರನೇ ಮಹಡಿಯವರು ಬಾಗಿಲು ತೆಗೆಯುತ್ತಾರೆ.

"ಏನ್ ಕೇಳಿದ್ರೂ ಸಾಕು ಅಂತಾರೆ ಮೇಡಂ. ಎರಡು ಚಮಚಕ್ಕೆ ಸಾಕು. ಬಾಚಣಿಗೆ ಮುಟ್ಟಿಸಿದ್ರೆ ಸಾಕು."

"ಹಾಗಾದ್ರೆ ಬಿಟ್ಬಿಡಿ. ಬಲವಂತ ಮಾಡ್ಬೇಡಿ," ಅಂದೆ.

ಮಾರ್ಚ್ 8, ಶನಿವಾರ

ಅಣ್ಣ ಫೋನು ಮಾಡಿದ್ದ. ದೊಡ್ಡಮ್ಮ ಹೆತ್ತ ಮಗ; ನನಗಿಂತ ಐದು ವರ್ಷಕ್ಕೆ ದೊಡ್ಡವನು. ಬೇರೆ ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ನಾನು ಸಣಕಲಿ, ಮಾತು ಚುಚ್ಚುತ್ತದೆ ಅಂತ ಚಿಕ್ಕಂದಿನಿಂದಲೂ ನನ್ನನ್ನು ಸೂಜಿ ಅಂತಲೇ ಕರೆಯುವುದು.

"ನೋಡೇ ಸೂಜಿ, ನೀನು ಕೆಲಸಕ್ಕೆ ಹೋಗೋಳು. ಎಷ್ಟು ದಿನ ಅಂತ ಆಯಾ ಕೈಲಿ ಬಿಡ್ತೀಯಾ? ಇಲ್ಲೊಂದು ಆರೈಕೆ ಮನೆ ಇದೆ, ಹೋಗಿ ನೋಡ್ಕೊಂಡು ಬಂದೆ. ಗಾಳಿ ಬೆಳಕು ಚೆನ್ನಾಗಿದೆ. ಮೂವತ್ತನೇ ತಾರೀಕು ಬಂದು ಕರ್ಕೊಂಡು ಹೋಗ್ತೀನಿ."

"ಅವರನ್ನ ಕೇಳಿದ್ಯಾ?"

"ಆಸ್ಪತ್ರೇಲೇ ಕೇಳ್ದೆ. ಅಮ್ಮ, ಈ ಊರಲ್ಲೇ ಇರ್ತೀಯಾ ಅಂದೆ. ಸಾಕು ಅಂದ್ಲು. ಇನ್ನೇನ್ ಹೇಳ್ಬೇಕು ಪಾಪ?"

ಸರಿ ಅಂದೆ. ಹೆತ್ತ ಮಗ ತೀರ್ಮಾನ ಮಾಡಿದ್ದಾನೆ. ನಡುವೆ ಬಾಯಿ ಹಾಕಲು ನಾನ್ಯಾರು?

ನನಗೆ ಆರು ವರ್ಷವಿದ್ದಾಗ ನನ್ನ ಹೆತ್ತಮ್ಮ ಜ್ವರದಲ್ಲಿ ಹೋದಳು. ಬಟ್ಟೆ ಕಾರ್ಖಾನೆಯಲ್ಲಿ ಅವಳ ಪಕ್ಕದ ಮಿಷನ್ನಿನಲ್ಲಿ ಕೂರುತ್ತಿದ್ದವರು ದೊಡ್ಡಮ್ಮ. ಪಾಳಿ ಮುಗಿಸಿ ಮನೆಗೆ ಹೋಗುವಾಗ ನನ್ನನ್ನೂ ಕೈಹಿಡಿದು ಕರೆದೊಯ್ದರು. ಆಮೇಲೆ ಯಾರೂ ನನ್ನನ್ನು ಕೇಳಿಕೊಂಡು ಬರಲಿಲ್ಲ. ಎಂಟನೆಯ ವರ್ಷದಲ್ಲಿರಬೇಕು, ಬಟ್ಟೆ ಹೊಲಿಸಲು ಮನೆಗೆ ಬಂದ ಹೆಂಗಸೊಬ್ಬಳು "ಇವಳೂ ನಿಮ್ಮ ಮಗಳಾ?" ಅಂದಳು. ದೊಡ್ಡಮ್ಮ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ "ಸಾಕುಮಗಳು" ಅಂದರು. ಸಾಕು ಅನ್ನುವುದಕ್ಕೆ ನನಗೆ ಆಗ ಗೊತ್ತಿದ್ದ ಅರ್ಥ ಒಂದೇ, ಊಟದ ತಟ್ಟೆಯ ಮುಂದೆ ಹೇಳುವ ಸಾಕು. ಸಾಕಾಗಿಹೋದ ಮಗಳು ಅಂತ ತಿಳಿದೆ. ಸಾಕುವುದು ಅಂದರೆ ಹೊಟ್ಟೆಗೆ ಹಾಕಿ ಬೆಳೆಸುವುದು ಅಂತ ಶಾಲೆಯ ಟೀಚರು ಬಿಡಿಸಿ ಹೇಳುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ಆ ವರ್ಷವೆಲ್ಲ ನಾನು ಆ ಮನೆಯಲ್ಲಿ ಸದ್ದಾಗದ ಹಾಗೆ ನಡೆದೆ. ಆಮೇಲೆ ಅದೇ ನಡಿಗೆ ರೂಢಿಯಾಯಿತು.

ಮಾರ್ಚ್ 12, ಬುಧವಾರ

ತೂಕ ನೋಡಿದೆವು. ಆಸ್ಪತ್ರೆಯಿಂದ ಬಂದಮೇಲೆ ಮೂರೂವರೆ ಕಿಲೋ ಇಳಿದಿದ್ದಾರೆ. ವಾರಕ್ಕೊಮ್ಮೆ ಮನೆಗೆ ಬರುವ ನರ್ಸು ನನ್ನ ಮುಖ ನೋಡಿದಳು, ನಾನು ತೂಕದ ಯಂತ್ರ ನೋಡಿದೆ.

ಅಣ್ಣನಿಗೆ ಹೇಳಿದೆ. "ಬದುಕೋ ಆಸೆ ಹೋಗಿದೆ ಕಣೇ ಅವಳಿಗೆ," ಅಂದ.

ಇವತ್ತು ಸಂಜೆ ಆರನೆಯ ಚಮಚಕ್ಕೆ ಸಾಕು ಅಂದು, ಎಡಗೈಯನ್ನು ಹೊದಿಕೆಯ ಮೇಲೆ ಅಂಗಾತ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಬಟ್ಟಲು ಎತ್ತಿಕೊಂಡು ಹೊರಟಾಗ ಮಂಚದ ಅಂಚಿಗೆ ಗುದ್ದಿದರು. ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಇನ್ನು ಮಾತಿಲ್ಲದ ಮೇಲೆ ಕೇಳಬೇಕೇ?

ಚಿಕ್ಕಂದಿನಲ್ಲಿ ನಾನು ಎರಡು ಸೌಟಿಗೇ ಸಾಕು ಅನ್ನುತ್ತಿದ್ದೆ. ಅವರು ಕಿವಿಗೇ ಹಾಕಿಕೊಳ್ಳದೆ ಇನ್ನೊಂದು ಸೌಟು ಸುರಿಯುತ್ತಿದ್ದರು. ಸಾಕು ದೊಡ್ಡಮ್ಮಾ ಅಂದರೂ ಅಷ್ಟೇ. ನನ್ನ ಮಾತಿಗೆ ಆ ಮನೆಯಲ್ಲಿ ಕವಡೆ ಕಿಮ್ಮತ್ತಿರಲಿಲ್ಲ. ನಾನು ಹಾಗಲ್ಲ. ಬೇಡ ಅಂದವರ ಬಾಯಿಗೆ ತುರುಕುವುದು ನನ್ನಿಂದಾಗದು.

ಮಾರ್ಚ್ 14, ಶುಕ್ರವಾರ

ಇವತ್ತು ಆದ ಅವಮಾನವನ್ನು ಬರೆದಿಡಲೇಬೇಕು.

ಮೂರನೇ ನಂಬರಿನ ಚಿಪ್ಪಿನ ಗೆರೆ ಎರಡು ದಿನದಿಂದ ಮೇಲೇ ಇತ್ತು. ಒಂದು ಸಲವೂ ಇಳಿದಿರಲಿಲ್ಲ. ನಮ್ಮ ಸಾಹೇಬರು ಖುಷಿಯಿಂದ ಅದರ ಚಿತ್ರ ತೆಗೆದು ಮೇಲಿನ ಕಚೇರಿಗೆ ಕಳಿಸಿದ್ದರು, ನೀರು ಎಷ್ಟು ಶುದ್ಧವಾಗಿದೆ ನೋಡಿ ಅಂತ. ಮಧ್ಯಾಹ್ನ ದೋಣಿಯಜ್ಜ ಬಂದ. ಬಂಡೆಗಳಿಂದ ಹೊಸ ಚಿಪ್ಪು ಬಿಡಿಸಿ ನಮಗೆ ತಂದುಕೊಡುವವನು ಅವನೇ. ತೊಟ್ಟಿಯ ಹತ್ತಿರ ಬಂದವನೇ ಮೂಗು ಮುಚ್ಚಿಕೊಂಡ.

"ಮೇಡಮ್ಮ, ಇದು ಸತ್ತು ಎರಡು ದಿನ ಆಗಿದೆ. ಕಂಪ್ಯೂಟರಿಗೆ ಮೂಗಿಲ್ಲ, ಒಪ್ಪಿದೆ. ನಿಮಗೇನಾಗಿದೆ?"

"ಬಾಯಿ ತೆರೆದಿತ್ತಲ್ಲ ಅಜ್ಜ."

"ಸತ್ತದ್ದು ತೆರೆದೇ ಇರುತ್ತೆ. ಮುಚ್ಚೋಕೆ ಜೀವ ಬೇಕು." ಬೆರಳು ಅದ್ದಿ ಉಳಿದ ಏಳನ್ನೂ ಒಂದೊಂದಾಗಿ ಮುಟ್ಟಿದ. ಏಳೂ ಪಟ್ಟನೆ ಮುಚ್ಚಿಕೊಂಡವು. "ಬರೀ ಬಾಯಿ ನೋಡಿದ್ರೆ ಏನ್ ತಿಳಿಯುತ್ತೆ? ಮುಟ್ಟಿ ನೋಡ್ಬೇಕು."

ಇದು ನನಗೆ ಗೊತ್ತಿಲ್ಲದ್ದಲ್ಲ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾನೇ ಕಲಿಸುವ ಮೊದಲ ಪಾಠ. ಮನಸ್ಸು ಎರಡು ವಾರದಿಂದ ಮನೆಯಲ್ಲೇ ಬಿದ್ದಿದೆ, ಕಣ್ಣು ಮಾತ್ರ ಕೆಲಸಕ್ಕೆ ಬರುತ್ತಿದೆ. ಸಾಹೇಬರು ಚಿತ್ರ ವಾಪಸು ತರಿಸಿಕೊಳ್ಳಲು ಮೂರು ಫೋನು ಮಾಡಬೇಕಾಯಿತು.

ಮಾರ್ಚ್ 15, ಶನಿವಾರ

ಅಕ್ಷರ ಸೊಟ್ಟಗಾದರೆ ಆಗಲಿ, ಇದನ್ನು ಈಗಲೇ ಬರೆಯಬೇಕು.

ರಜೆ. ಬೆಳಿಗ್ಗೆ ದೊಡ್ಡಮ್ಮನ ಮಂಚದ ಪಕ್ಕ ಬಟ್ಟೆ ಮಡಚುತ್ತಾ ಕೂತಿದ್ದೆ. ಕಿಟಕಿಯ ಸರಳಿಗೆ ಒಂದು ಕಡಲಹಕ್ಕಿ ಬಂದು ಕೂತಿತು. ದೊಡ್ಡಮ್ಮ ಅದನ್ನು ನೋಡಿ "ಸಾಕು!" ಅಂದರು. ಮುಖದ ಒಂದು ಬದಿ ನಕ್ಕಿತು. ಹಕ್ಕಿ ಹಾರಿಹೋಯಿತು. "ಸಾಕು," ಅಂದರು ಬೇಸರದಿಂದ.

ನಾನು ಮಡಚುವುದನ್ನು ನಿಲ್ಲಿಸಿದೆ. ಹಕ್ಕಿಗೆ ಯಾಕೆ ಸಾಕು?

"ದೊಡ್ಡಮ್ಮಾ, ನಿಮ್ಮ ಹೆಸರೇನು?"

"ಸಾಕು."

"ಇವತ್ತು ಯಾವ ವಾರ?"

"ಸಾಕು."

ಒಳಗೆ ಹೋಗಿ ಬಟ್ಟಲು ತುಂಬಿಸಿಕೊಂಡು ಬಂದೆ. ಐದು ಚಮಚವಾಯಿತು. ಆರನೆಯದಕ್ಕೆ ಸಾಕು ಅಂದರು. ನಾನು ಬಟ್ಟಲು ಎತ್ತಲಿಲ್ಲ. ಚಮಚ ತುಂಬಿಸಿ ತುಟಿಗೆ ಮುಟ್ಟಿಸಿದೆ, ಅಜ್ಜ ಚಿಪ್ಪು ಮುಟ್ಟಿದ ಹಾಗೆ. ಬಾಯಿ ತೆರೆಯಿತು. ಏಳು. "ಸಾಕು." ತೆರೆಯಿತು. ಎಂಟು, ಒಂಬತ್ತು, ಹತ್ತು. ಪ್ರತಿ ಚಮಚಕ್ಕೂ ಸಾಕು, ಪ್ರತಿ ಚಮಚಕ್ಕೂ ಬಾಯಿ ತೆರೆಯಿತು. ಹದಿನೇಳನೆಯದಕ್ಕೆ ತುಟಿ ಬಿಗಿಯಾಗಿ ಮುಚ್ಚಿತು. ಆಗ ಅವರು ಏನೂ ಅನ್ನಲಿಲ್ಲ. ಹೊಟ್ಟೆ ತುಂಬಿದವರ ನಿಟ್ಟುಸಿರು ಬಿಟ್ಟರು, ಅಷ್ಟೇ.

ಎರಡು ವಾರ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಬಾಯಿಗೆ ಬಂದ ತುತ್ತನ್ನೇ ನಾನು ದಿನಕ್ಕೆ ಎರಡು ಸಲ ಕಿತ್ತುಕೊಂಡು ಹೋಗಿದ್ದೇನೆ. ಅದೂ ಮರ್ಯಾದೆಯಿಂದ, ಬಾಯಿ ಒರೆಸಿ. ಅವರು ಮಂಚಕ್ಕೆ ಗುದ್ದಿದ್ದು ಸಿಟ್ಟಿಗಲ್ಲ, ಹಸಿವಿಗೆ.

ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ನಲ್ಲಿ ಯಾಕೆ ತಿರುಗಿಸಿದೆನೋ, ಸದ್ದು ಕೇಳಿಸಿದರೆ ಯಾರಾದರೂ ಬೈಯುತ್ತಿದ್ದರೇ? ವಾಪಸು ಬಂದು "ಅಮ್ಮಾ, ಇನ್ನೊಂದು ಚೂರು ಬಾಳೆಹಣ್ಣು ಹಿಸುಕಿ ಕೊಡ್ಲಾ, ತಗೋತೀಯಾ?" ಅಂದೆ. ಸಾಕು ಅಂದು ಅದನ್ನೂ ತಿಂದರು.

ಈಗ ಬರೆಯುವಾಗ ಹೊಳೆಯುತ್ತಿದೆ. ನಾನು ಎರಡು ಸೌಟಿಗೆ ಸಾಕು ಅಂದಾಗ ಅವರು ಮೂರನೆಯದನ್ನು ಹಾಕುತ್ತಿದ್ದದ್ದು ಕಿವಿ ಕೇಳದೆ ಅಲ್ಲ. ಬೇರೆಯವರ ಮನೆ ಅಂತ ಹೊಟ್ಟೆ ಕಟ್ಟುತ್ತಿದ್ದ ಹುಡುಗಿ ನಾನು. ನನ್ನ ಸಾಕು ಅನ್ನುವ ಮಾತನ್ನು ಅವರು ಒಂದು ದಿನವೂ ನಂಬಲಿಲ್ಲ. ನಾನು ಅವರದ್ದನ್ನು ಮೊದಲ ದಿನವೇ ನಂಬಿಬಿಟ್ಟೆ.

ಮಾರ್ಚ್ 17, ಸೋಮವಾರ

ಇನ್ನು ಅಂದಾಜಿನ ಕೆಲಸ ಬೇಡ. ರಿಜಿಸ್ಟರಿನ ಕೊನೆಯ ಪುಟಗಳಲ್ಲಿ ಕಾಲಮ್ಮಿಗೆ ಸರಿಯಾಗಿ ಬರೆಯಲು ಶುರು ಮಾಡಿದ್ದೇನೆ. ಹೊತ್ತು, ಏನು ಕೇಳಿದೆವು, ಹೇಗೆ ಸಾಕು ಅಂದರು, ಮುಂದೆ ಏನಾಯಿತು. ನಾನಿಲ್ಲದಾಗ ಆಯಾ ಗೀಟು ಹಾಕಿ ಬರೆಯುತ್ತಾಳೆ. ಅವಳಿಗೆ ಇದು ಪರೀಕ್ಷೆ ಮೇಲ್ವಿಚಾರಣೆಯ ಗತ್ತು ಕೊಟ್ಟಿದೆ.

ಒಂದೇ ದಿನಕ್ಕೆ ನಲವತ್ತೊಂದು ಸಾಕು. ದನಿ ನೋಡಿದರೆ ಏನೂ ತಿಳಿಯುವುದಿಲ್ಲ, ಎತ್ತರಿಸಿದರೂ ಬೇಕು ಅಂತ ಇರಬಹುದು, ತಗ್ಗಿಸಿದರೂ ಬೇಕು ಅಂತ ಇರಬಹುದು. ಅಡ್ಡಗೋಡೆಯ ಮೇಲೆ ದೀಪ. ಗುಟ್ಟು ಹಿಡಿದವಳು ಆಯಾ.

"ಮೇಡಂ, ಬಾಯಿ ಬಿಡಿ, ಕೈ ನೋಡಿ. ಬಾಚಣಿಗೆ ತಂದ್ರೆ ಮುಷ್ಟಿ ಕಟ್ತಾರೆ. ಎಣ್ಣೆ ತಂದ್ರೆ ಅಂಗೈ ಬಿಡಿಸ್ತಾರೆ."

ಮತ್ತೆ ಎಲ್ಲವನ್ನೂ ಕೇಳಿ ನೋಡಿದೆವು. ಕಿಟಕಿ ತೆಗೆಯಲಾ ಅಂದರೆ ಅಂಗೈ ಬಿಚ್ಚಿತು. ಟಿವಿ ಹಾಕಲಾ ಅಂದರೆ ಮುಷ್ಟಿ. ಆಯಾ ಹಾಡು ಹೇಳಲಾ ಅಂದದ್ದಕ್ಕೆ ಎಷ್ಟು ಬಿಗಿಯಾದ ಮುಷ್ಟಿ ಅಂದರೆ ಇಬ್ಬರೂ ನಕ್ಕೆವು, ಅಮ್ಮನೂ ನಕ್ಕರು. ಬಾಯಿ ಎಲ್ಲದಕ್ಕೂ ಸಾಕು ಅನ್ನುತ್ತಲೇ ಇತ್ತು, ಪಾಪ, ಅದಕ್ಕೆ ಬೇರೆ ಕೆಲಸ ಗೊತ್ತಿಲ್ಲ.

ಹತ್ತೊಂಬತ್ತು ವರ್ಷ ತೆರೆಯುವುದು ಮುಚ್ಚುವುದನ್ನೇ ನೋಡಿ ಸಂಬಳ ತಿಂದವಳಿಗೆ ಮನೆಯಲ್ಲಿ ಅದು ಕಾಣಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಮಾರ್ಚ್ 18, ಮಂಗಳವಾರ

ಹೊಲಿಗೆ ಮಿಷನ್ನನ್ನು ಅಮ್ಮನ ಮಂಚದಿಂದ ಕಾಣುವ ಹಾಗೆ ಸರಿಸಿ ಇಟ್ಟೆ. ಅಂಗೈ.

ಅಳತೆಯ ಟೇಪು ಕೊಟ್ಟೆ. ಎಡಗೈಗೆ ಸುತ್ತಿಕೊಂಡು ಮಲಗಿದಳು.

ಮಾರ್ಚ್ 21, ಶುಕ್ರವಾರ

ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಒಂದನೇ ನಂಬರು ಇಳಿಯಿತು. ನೆರಳು ಬಿದ್ದರೂ ಒಂದೊಂದು ಮುಚ್ಚುವುದುಂಟು ಅಂತ ಸುಮ್ಮನಿದ್ದೆ. ಆಮೇಲೆ ಐದು, ಎಂಟು, ಎರಡು. ನಾಲ್ಕು ನಿಮಿಷದಲ್ಲಿ ಎಂಟೂ ಮುಚ್ಚಿಕೊಂಡವು, ಅಜ್ಜ ಮೊನ್ನೆ ತಂದ ಹೊಸದೂ ಸೇರಿ.

ಸಾಹೇಬರು ಮೀಟರುಗಳನ್ನೆಲ್ಲ ನೋಡಿದರು. ಉಪ್ಪು, ಹುಳಿ, ಬಿಸಿ, ಆಮ್ಲಜನಕ, ಎಲ್ಲವೂ ನೆಟ್ಟಗಿತ್ತು. "ಕರೆಂಟು ಏರುಪೇರು ಆಗಿರುತ್ತೆ ಬಿಡಿ. ಮೀಟರ್ ಸರಿ ಇದೆಯಲ್ಲ?"

ಇಷ್ಟು ವರ್ಷ ಇಂಥ ಹೊತ್ತಿನಲ್ಲಿ 'ಸರಿ ಸಾರ್' ಅಂದವಳು ನಾನು. ಷರಾದಲ್ಲಿ 'ಕರೆಂಟು' ಅಂತ ಬರೆದು ಟೀ ಕುಡಿಯಲು ಹೋಗುತ್ತಿದ್ದೆ.

"ಮೀಟರಿಗೆ ತಾನು ಅಳೆಯೋದು ಮಾತ್ರ ಗೊತ್ತು ಸಾರ್. ಇವಕ್ಕೆ ಬದುಕೋದು ಗೊತ್ತು. ಎಂಟೂ ಒಟ್ಟಿಗೆ ಬೇಡ ಅಂತಿದಾವೆ," ಅಂದೆ. "ಈಜೋ ಕಡೆ ಜನ ಇಳಿಯೋ ಹೊತ್ತು. ಚಿಪ್ಪು ಸಾಕೋರು ಇವತ್ತೇ ಮಾರೋಕೆ ತೆಗೀತಾರೆ. ಎಚ್ಚರಿಕೆ ಕೊಡೋಣ."

"ನೀರಿನ ಫಲಿತಾಂಶ ಬರೋಕೆ ನಾಲ್ಕೈದು ದಿನ ಬೇಕು. ಸುಳ್ಳಾದ್ರೆ ನಗೆಪಾಟಲು ಆಗ್ತೀವಿ. ಮೊನ್ನೆ ಸತ್ತ ಚಿಪ್ಪಿನ ಕತೆ ಮರೆತ್ರಾ?"

"ಮರೆತಿಲ್ಲ, ಅದಕ್ಕೇ ಹೇಳ್ತಿದೀನಿ. ತಪ್ಪಾದ್ರೆ ನನ್ನ ಹೆಸರು ಬರೀರಿ."

ಅವರು ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿ, ಫೋನು ಎತ್ತಿದರು. ನಾನು ಬಾಟಲಿಗಳಲ್ಲಿ ನೀರು ಹಿಡಿದು ಪರೀಕ್ಷೆಗೆ ಕಳಿಸಿದೆ. ಆರು ಗಂಟೆ ಹೊತ್ತು ಒಂದೂ ಬಾಯಿ ತೆರೆಯಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ಸಾಹೇಬರಿಗೆ ಎದುರು ಮಾತಾಡಿದೆ ಅಂದಾಗ ಟೇಪು ಹಿಡಿದ ಕೈ ಚೂರು ಎದ್ದಿತು. ಮೊದಲು ಹೊಸ ಬಟ್ಟೆ ಹಾಕಿಕೊಂಡು ನಾನು ಮುಂದೆ ನಿಂತರೆ, ಕಣ್ಣು ಕಿರಿದು ಮಾಡಿ, ಎಲ್ಲಿ ಬಿಗಿ ಎಲ್ಲಿ ಸಡಿಲ ಅಂತ ನೋಡುತ್ತಿದ್ದಳು. ಹಾಗೇ ನೋಡಿದಳು. "ಸಾಕು," ಅಂದಳು. ಅಂಗೈ ತೆರೆದಿತ್ತು.

ಮಾರ್ಚ್ 23, ಭಾನುವಾರ

ಅಣ್ಣನ ಫೋನು. ಆರೈಕೆ ಮನೆಯಲ್ಲಿ ಕಿಟಕಿ ಪಕ್ಕದ ಮಂಚ ಸಿಕ್ಕಿದೆಯಂತೆ.

"ಅವಳಿಗೆ ಒಂದು ಕಿಲೋ ಬಂದಿದೆ ಕಣೋ. ನಿನ್ನೆ ಕುರ್ಚಿ ಮೇಲೆ ಅರ್ಧ ಗಂಟೆ ಕೂತಿದ್ಲು. ಆಯಾ ಹಾಡು ಶುರು ಮಾಡಿದ್ರೆ ಟೇಪಲ್ಲಿ ಹೊಡೀತಾಳೆ."

"ಯಾರೇ?"

"ಅವಳೇ."

"ಅವಳು ಅಂದ್ರೆ ಯಾರು?"

"ಅಮ್ಮ ಕಣೋ, ಇನ್ಯಾರು!"

ಆ ಕಡೆ ಅಣ್ಣ ಎರಡು ಸಲ ಮೂಗು ಸೀಟಿದ. ನೆಗಡಿ ಆಗಿರಬೇಕು.

ಕಳಿಸುವುದಿಲ್ಲ ಅಂತ ಹೇಳಬೇಕು ಅಂದುಕೊಂಡೇ ಫೋನು ಎತ್ತಿದ್ದೆ. ಸಾಹೇಬರ ಮುಂದೆ ಬಂದ ಬಾಯಿ ಇಲ್ಲಿ ಬರಲಿಲ್ಲ. ಕಡಲಿನ ವಿಷಯದಲ್ಲಿ ನನಗೆ ಹಕ್ಕಿದೆ, ಅದು ನನ್ನ ಕೆಲಸ. ಇಲ್ಲಿ ಯಾವ ಕಾಗದ ತೋರಿಸಲಿ? ಅಣ್ಣ ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು. ಅವನೂ ಅಮ್ಮ ಚೆನ್ನಾಗಿರಲಿ ಅಂತಲೇ ಒದ್ದಾಡುತ್ತಿದ್ದಾನೆ.

ಮಾರ್ಚ್ 26, ಬುಧವಾರ

ಫಲಿತಾಂಶ ಬಂತು. ನೀರಿನಲ್ಲಿ ತಾಮ್ರ ಮಿತಿಗಿಂತ ಆರು ಪಟ್ಟು ಹೆಚ್ಚು. ಅಳಿವೆಯ ಹತ್ತಿರ ದೋಣಿ ರಿಪೇರಿ ಮಾಡುವ ಜಾಗದಲ್ಲಿ ಹಳೆಯ ಬಣ್ಣ ಕೆರೆದು, ಆ ಪುಡಿಯನ್ನೆಲ್ಲ ಪೈಪು ಹಿಡಿದು ನೀರಿಗೆ ತೊಳೆದುಬಿಟ್ಟಿದ್ದರು. ದೋಣಿಗೆ ಪಾಚಿ, ಚಿಪ್ಪು ಹತ್ತಬಾರದು ಅಂತ ಆ ಬಣ್ಣಕ್ಕೆ ತಾಮ್ರ ಹಾಕುತ್ತಾರೆ. ಚಿಪ್ಪುಗಳನ್ನು ಕೊಲ್ಲುವ ಬಣ್ಣದ ಚಾಡಿಯನ್ನು ಚಿಪ್ಪುಗಳೇ ಹೇಳಿವೆ.

ಸಾಹೇಬರು ಎಲ್ಲರ ಮುಂದೆ "ಮೇಡಂ ಹೇಳಿದ್ದೇ ಸರಿ" ಅಂದರು. ದೋಣಿಯಜ್ಜ "ಮೂಗು ವಾಪಸು ಬಂತಾ?" ಅಂದ.

ಮಾರ್ಚ್ 29, ಶನಿವಾರ

ನಾಳೆ ಅಣ್ಣ ಬರುತ್ತಾನೆ.

ಅಮ್ಮನ ಬಟ್ಟೆಗಳನ್ನು ಚೀಲಕ್ಕೆ ಹಾಕಿದೆ. ಮತ್ತೆ ತೆಗೆದೆ. ಮತ್ತೆ ಹಾಕಿದೆ. ಅವಳು ಮಂಚದಿಂದ ನೋಡುತ್ತಿದ್ದಳು. ಮುಷ್ಟಿ ಕಟ್ಟಿತ್ತು.

ಮಾರ್ಚ್ 30, ಭಾನುವಾರ

ಅಣ್ಣ ಹನ್ನೊಂದಕ್ಕೆ ಬಂದ. ಅಮ್ಮನಿಗೆ ಹೊಸ ಕನ್ನಡಕ ತಂದಿದ್ದ. ಹಾಕಿದ, ಅಮ್ಮ ಅವನ ಮುಖವನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ಅವನು ಚೀಲ ಎಲ್ಲಿ ಅಂದ.

"ಕಳಿಸಲ್ಲ," ಅಂದೆ.

ಎಷ್ಟು ದಿನದಿಂದ ಅಂದುಕೊಂಡ ಮಾತು, ಹೊರಗೆ ಬಂದದ್ದು ಇಷ್ಟೇ.

"ಸೂಜಿ, ನೀನು ದಣಿದಿದ್ದೀಯ. ನಿನ್ ಮೇಲೆ ಭಾರ ಹಾಕ್ಬಾರ್ದು ಅಂತಾನೇ..."

"ಭಾರ ಅಂತ ನಾನು ಹೇಳಿದ್ನಾ?"

"ಅಮ್ಮಾನೇ ಸಾಕು ಅಂದಿದ್ದಾಳಲ್ಲೇ. ಬೇಕಾದ್ರೆ ನಿನ್ ಮುಂದೇನೇ ಕೇಳ್ತೀನಿ. ಅಮ್ಮ, ಇಲ್ಲೇ ಇರ್ತೀಯಾ?"

"ಸಾಕು," ಅಂದಳು ಅಮ್ಮ.

ಅವನು ನನ್ನ ಕಡೆ ತಿರುಗಿದ. "ಬಾಯಿ ನೋಡ್ಬೇಡ, ಕೈ ನೋಡು," ಅಂದೆ. ರಿಜಿಸ್ಟರು ತೆಗೆದು ಅವನ ತೊಡೆಯ ಮೇಲೆ ಇಟ್ಟೆ. ಹದಿಮೂರು ದಿನ, ಆರುನೂರಕ್ಕೂ ಹೆಚ್ಚು ಸಾಕು, ಒಂದೊಂದರ ಎದುರಿಗೂ ಅಂಗೈ ಅಥವಾ ಮುಷ್ಟಿ. ಅವನು ಪುಟ ತಿರುಗಿಸಿ, ಕಣ್ಣೆತ್ತಿ ನೋಡಿದ. ಅಮ್ಮನ ಅಂಗೈ ಹೊದಿಕೆಯ ಮೇಲೆ ಪೂರ್ತಿ ಬಿಚ್ಚಿಕೊಂಡಿತ್ತು.

"ಅಮ್ಮ, ನನ್ ಜೊತೆ ಬರ್ತೀಯಾ?"

"ಸಾಕು." ಮುಷ್ಟಿ.

ಎಷ್ಟಾದರೂ ಕನ್ನಡಕದ ಅಂಗಡಿಯವನು. ಕಣ್ಣು ಪರೀಕ್ಷೆಗೆ ಬಂದವರಿಗೆ ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ ಅಂತ ಗಾಜು ಬದಲಿಸಿ ಬದಲಿಸಿ ಕೇಳುವ ಹಾಗೆ, ತಿರುಗಿಸಿ ಮುರುಗಿಸಿ ನಾಲ್ಕು ಸಲ ಕೇಳಿದ. ನಾಲ್ಕು ಸಲವೂ ಕೈ ಒಂದೇ ಉತ್ತರ ಕೊಟ್ಟಿತು. ಆಮೇಲೆ ಅವನು ತನ್ನ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ನಾನು ಆವತ್ತು ಬರೀ ಕಿವಿ ಕೊಟ್ಟೆ ಕಣೇ," ಅಂದ. ನಾನೂ ಅದನ್ನೇ ಮಾಡಿದ್ದೆ, ಅವನಿಗಿಂತ ಹತ್ತಿರ ಕೂತು ಮಾಡಿದ್ದೆ ಅಂತ ಹೇಳಿದೆ. ಚಮಚದ ಕತೆಯನ್ನೂ ಹೇಳಿಬಿಟ್ಟೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ನನ್ನ ತಲೆಗೆ ಮೊಟಕಿದ, ಚಿಕ್ಕಂದಿನಲ್ಲಿ ಮೊಟಕುತ್ತಿದ್ದ ಹಾಗೆ.

ಅಮ್ಮ ಎಡಗೈ ಚಾಚಿ ಅವನ ಕೈ ಹಿಡಿದುಕೊಂಡಳು. ಜೊತೆಗೆ ಬರುವುದಿಲ್ಲ ಅಂದದ್ದು ಅವನನ್ನು ಬೇಡ ಅಂದದ್ದಲ್ಲ, ಅದನ್ನು ಹೇಳಲು ಅವಳಿಗೆ ಪದ ಬೇಕಾಗಲಿಲ್ಲ. ತಿಂಗಳಿಗೆ ಎರಡು ಸಲ ಬಂದು ಎರಡೆರಡು ದಿನ ಇರುತ್ತೇನೆ ಅಂದ. ಅಂಗೈ.

"ಆಯ್ತಮ್ಮ, ಇವಳ ಹತ್ರಾನೇ ಇರು," ಅಂತ ಮೂಗು ಸೀಟುತ್ತಾ ನಕ್ಕ. "ಇವಳು ಯಾರು ಅಂತಾದ್ರೂ ನೆನಪಿದ್ಯಾ ನಿಂಗೆ? ಯಾರು ಹೇಳು?"

ಅಮ್ಮ ನನ್ನ ಕಡೆ ತಿರುಗಿದಳು. ಹೊಸ ಕನ್ನಡಕದೊಳಗೆ ಕಣ್ಣುಗಳು ದೊಡ್ಡವಾಗಿ ಕಂಡವು.

"ಸಾಕು," ಅಂದಳು.

ಬಾಯಿ ಅಷ್ಟಕ್ಕೇ ಮುಚ್ಚಲಿಲ್ಲ. ತುಟಿ ಸೇರಿತು, ಬಿಟ್ಟಿತು, ಮತ್ತೆ ಸೇರಿತು. ಕುತ್ತಿಗೆಯ ನರ ಬಿಗಿಯಿತು.

"ಮಗಳು."

ಅಣ್ಣ ಎದ್ದು ನಿಂತುಬಿಟ್ಟ. "ಕೇಳಿದ್ಯಾ? ಹೊಸ ಪದ! ಸಾಕುಮಗಳು ಅಂದ್ಲು ಕಣೇ!"

ಅವನ ಖುಷಿಗೆ ನಾನು ಅಡ್ಡಿ ಮಾಡಲಿಲ್ಲ. ಆದರೆ ಅವನು ಕೇಳಿಸಿಕೊಂಡದ್ದು ತಪ್ಪು, ಇಲ್ಲಿ ಸರಿಯಾಗಿ ಬರೆದಿಡಬೇಕು. ನಡುವೆ ನಾಲ್ಕು ಸೆಕೆಂಡು ಇತ್ತು. ನಾಲ್ಕು ಸೆಕೆಂಡು ಬಿಟ್ಟು ಬಂದದ್ದನ್ನು ಒಂದೇ ಅಂತ ಸೇರಿಸಿ ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಇನ್ನು ಮೊದಲನೆಯ ಪದ. ಅದು ಹಕ್ಕಿಗೂ ಬರುತ್ತದೆ, ಎಣ್ಣೆಗೂ ಬರುತ್ತದೆ, ಆರುನೂರು ಸಲ ಬರೆದು ನೋಡಿದ್ದೇನೆ, ಅದಕ್ಕೆ ಅರ್ಥವಿಲ್ಲ. ಯಾವಾಗಲೂ ಇರುವುದನ್ನು ಕಳೆದು ಉಳಿದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಕಳೆದೆ.

ಷರಾ: ಮಗಳು.

ಸಂಜೆ ಮೂವರೂ ಅಮ್ಮನ ಮಂಚದ ಹತ್ತಿರವೇ ಊಟಕ್ಕೆ ಕೂತೆವು. ಅಣ್ಣ ಬಡಿಸಿದ. ಎರಡು ಸೌಟಿಗೆ ನಾನು ಸಾಕು ಅಂದೆ. ಅಮ್ಮ ಟೇಪು ಸುತ್ತಿದ ಕೈ ಎತ್ತಿ ಮೊದಲು ಸೌಟು ತೋರಿಸಿದಳು, ಆಮೇಲೆ ನನ್ನ ತಟ್ಟೆ. ಅಣ್ಣ ಇನ್ನೊಂದು ಸೌಟು ಹಾಕಿದ. ತಿಂದೆ.